ಅರವತ್ತು ಎಲೆ

ಇಸ್ಪೀಟು ಎಂಬ ಶಬ್ದಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ. ಚದುರಂಗ ಆಡುವವನನ್ನು ಬುದ್ಧಿವಂತನೆಂದು ಕರೆಯುತ್ತೇವೆ. ಪಗಡೆ ಆಡುವವನಿಗೆ ಧರ್ಮರಾಯನ ಹೆಸರು ಹೇಳಿ ಚೇಷ್ಟೆ ಮಾಡಿ ಸುಮ್ಮನಾಗುತ್ತೇವೆ. ಇಸ್ಪೀಟಿನ ಎಲೆ ಹಿಡಿದು ಕುಳಿತವನನ್ನು ಕಂಡರೆ ಮಾತ್ರ ಇವನ ಮನೆಯಲ್ಲಿ ಇಂದು ಒಲೆ ಹೊತ್ತಿತೋ ಇಲ್ಲವೋ ಎಂದು ಚಿಂತಿಸತೊಡಗುತ್ತೇವೆ. ಈ ಚಿಂತೆ ನಿರಾಧಾರವಾದುದೇನಲ್ಲ. ದೀಪಾವಳಿ ಕಳೆದ ಮೇಲಿನ ಪತ್ರಿಕೆಗಳನ್ನು ತೆರೆದು ನೋಡಿರಿ: ಯಾವದೋ ಊರ ಹೊರಗಿನ ತೋಟದಲ್ಲಿ ಇಷ್ಟು ಜನ, ಇಷ್ಟು ಸಾವಿರ ರೂಪಾಯಿ, ಐವತ್ತೆರಡು ಎಲೆ ಸಿಕ್ಕವೆಂಬ ಸುದ್ದಿ ಒಂದಾದರೂ ಇದ್ದೇ ಇರುತ್ತದೆ. ರೂಪಾಯಿಯ ಲೆಕ್ಕದಲ್ಲಿ ಹೆಚ್ಚುಕಡಿಮೆಯಾದೀತು, ಎಲೆಗಳ ಲೆಕ್ಕ ಎಂದೂ ತಪ್ಪುವದಿಲ್ಲ.

ಎಲೆಗೆ ಎಲ್ಲ ಕಾಲಕ್ಕೂ ಇದೇ ಗತಿಯಿತ್ತೆಂದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವನ್ನು ಸೇರಿಸಿದರು. ಅವುಗಳಲ್ಲಿ ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ನಮ್ಮ ರಬಕವಿಗೆ ಮೈಸೂರು ದೂರ. ಬೆಳಗಾವಿ ದಾಟಿ ಆಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿ ಅದಕ್ಕಿಂತ ಹತ್ತಿರ. ಅಲ್ಲಿಯ ಚಿತಾರಿಗಳು ದುಂಡನೆಯ ಎಲೆಗಳ ಮೇಲೆ ದಶಾವತಾರವನ್ನು ಬರೆಯುತ್ತ ಬಂದಿದ್ದಾರೆ. ಹತ್ತು ಅವತಾರ, ಒಂದೊಂದಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಮೇಲೆ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆ, ಒಟ್ಟು 120. ಮತ್ಸ್ಯನ ಮೇಲೆ ಕೂರ್ಮನನ್ನು ಎಸೆಯುತ್ತ ಕುಳಿತವನ ಬಾಯಲ್ಲಿ ಆಟದ ನೆವದಿಂದಲಾದರೂ ದೇವರ ಹೆಸರು ಬರುತ್ತಿತ್ತು. ಅರಮನೆಯಲ್ಲಿ ಕೌತುಕವೆನಿಸಿದ್ದು ಮರದ ಕೆಳಗೆ ಬಂದ ಮೇಲೆ ಜೂಜೆನಿಸಿತು. ಎಲೆಯ ಚರಿತ್ರೆಯನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು.

ಕಾಯ್ದೆಗೂ ಈ ವಿಷಯದಲ್ಲಿ ಎರಡು ಮನಸ್ಸು. 1968ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲವೇ ಮುಖ್ಯ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವದನ್ನು ಹಿಡಿಯಬೇಕು, ಯಾವದನ್ನು ಬಿಡಬೇಕು ಎಂಬುದನ್ನು ಅರಿತಿರಬೇಕು ಎಂಬುದು ಅದರ ತರ್ಕ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯ್ದೆಯಾದರೋ ಕೌಶಲವೋ ಅದೃಷ್ಟವೋ ಎಂದು ಕೇಳುವ ಗೋಜಿಗೆ ಹೋಗದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನ್ಯಾಯಾಧೀಶರೂ ಸಂಸದರೂ ಬೇರೆ ಬೇರೆಯಾಗಿ ಉತ್ತರಿಸಿದ ಈ ಪ್ರಶ್ನೆಯನ್ನು ಕಳೆದ ಬೇಸಗೆಯ ಸೂಟಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ಬಗೆಹರಿಸುವ ಹೊಣೆ ನನ್ನ ಪಾಲಿಗೆ ಬಂತು.

ಅಕ್ಕನನ್ನು ಕೊಟ್ಟಿರುವದು ನಮ್ಮೂರಿನ ನೇಕಾರರ ಮನೆಗೇ. ಆಕೆಯ ಗಂಡನಿಗೆ ಈಗ ನಾಲ್ಕು ಪಾವರಲೂಮುಗಳಿವೆ. ನಮ್ಮ ಕಡೆ ಅಕ್ಕನ ಗಂಡನೂ ಮಾಮಾ, ತಾಯಿಯ ತಮ್ಮನೂ ಮಾಮಾ. ಆದ್ದರಿಂದ ಆ ಮನೆಯಲ್ಲಿ ‘ಮಾಮಾ’ ಎಂದು ಕೂಗಿದರೆ, ನಾನು ಕೂಗಿದ್ದಾದರೆ ಅವರು, ಅಳಿಯ ಕೂಗಿದ್ದಾದರೆ ನಾನು ತಿರುಗಿ ನೋಡುವದು ವಾಡಿಕೆ. ಈ ಬರಹದಲ್ಲಿ ಮಾಮಾ ಎಂದರೆ ಅವರೇ. ಅಳಿಯ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹಾಸ್ಟೆಲಿನ ಗೆಳೆಯರಿಂದ ಈ ಆಟವನ್ನು ಕಲಿತು ಬಂದಿದ್ದ.

ಆ ಮನೆಯ ಪಡಸಾಲೆಗೆ ಶಹಾಬಾದಿ ಪರಸಿ ಹಾಸಿದ್ದಾರೆ. ನೆಲವನ್ನು ಲಕ್ಷ್ಯಗೊಟ್ಟು ನೋಡಿದರೆ ಎರಡು ಕಡೆ ಪರಸಿಯ ಬಣ್ಣ ಬೇರೆಯಾಗಿ ಕಾಣುತ್ತದೆ. ಅವು ಹಿಂದೆ ಕುಣಿಮಗ್ಗಗಳಿದ್ದ ಸ್ಥಳ. 1979ರ ದೀಪಾವಳಿಯಲ್ಲಿ ಮಾಮಾನ ತಂದೆ ಅಮಾವಾಸ್ಯೆಯ ರಾತ್ರಿ ಆಡಲು ಕುಳಿತವರು ಪಾಡ್ಯದ ಸಂಜೆಗೆ ಎದ್ದರು. ಕೈಯಲ್ಲಿದ್ದ ರೊಕ್ಕ ಮೊದಲು ಹೋಯಿತು. ಮಗ್ಗುಲಲ್ಲಿ ಕುಳಿತವನೇ ಬಡ್ಡಿಗೆ ಕೊಟ್ಟ ರೊಕ್ಕ ಆಮೇಲೆ ಹೋಯಿತು. ಎರಡು ದಿನ ಬಿಟ್ಟು ಗಾಡಿ ತಂದು ಎರಡೂ ಮಗ್ಗ ಬಿಚ್ಚಿಕೊಂಡು ಹೋದರು. ಮಗ್ಗ ಹೋದವು, ಕುಣಿ ಉಳಿದವು. ಆಗ ಮಾಮಾನಿಗೆ ಹನ್ನೊಂದು ವರ್ಷ. ಆ ಕುಣಿಗಳಲ್ಲಿ ಕಾಲು ಇಳಿಬಿಟ್ಟು ಕುಳಿತು ಶಾಲೆಯ ಅಭ್ಯಾಸ ಮಾಡುತ್ತಿದ್ದೆವೆಂದು ಅವರು ಒಮ್ಮೆ ನನಗೆ ಹೇಳಿದ್ದರು. ಅವರ ತಾಯಿ ಮನೆಯೊಳಗೆ ಎಲೆ ತರಬಾರದೆಂದು ಮಕ್ಕಳಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ ನಲವತ್ತಾರು ವರ್ಷಗಳ ಮೇಲೆ, ಆ ಪರಸಿಯ ಮೇಲೆಯೇ ಮೊಮ್ಮಗ ಎಲೆ ಹರಡಿಕೊಂಡು ಕುಳಿತಿದ್ದ.

ಅಕ್ಕನೇ ಮೊದಲು ನನಗೆ ಹೇಳಿ ಕಳಿಸಿದಳು. "ನೋಡೋ, ರಾತ್ರಿ ಹನ್ನೆರಡಾದ್ರೂ ಹುಡುಗ ಒಬ್ಬನ ಕುಂತು ಎಲಿ ಹಾಕತಾನ. ಎದುರಿಗೆ ಯಾರೂ ಇಲ್ಲ. ತಾನ ಆಡತಾನ, ತಾನ ವಹ್ಯಾಗ ಬರಕೋತಾನ. ಅವಗೇನರ ಆಗೇದೇನೋ?" ಎಂದಳು. ಮಾಮಾ ನನ್ನನ್ನು ನೋಡಿ, "ಮಾಸ್ತರ, ನೀವು ಕಲತವರು. ಬುದ್ಧಿ ಹೇಳ್ರಿ. ಈ ಮನ್ಯಾಗ ಎಲಿ ಬ್ಯಾಡಂದ್ರ ಬ್ಯಾಡ" ಎಂದರು. ಬುದ್ಧಿ ಹೇಳುವ ಮೊದಲು ಯಾವ ವಿಷಯಕ್ಕೆ ಹೇಳುತ್ತಿದ್ದೇನೆಂದು ತಿಳಿದುಕೊಳ್ಳುವದು ಮೇಷ್ಟರ ಧರ್ಮ. ಮೂರು ಸಂಜೆ ಅಳಿಯನ ಮಗ್ಗುಲಲ್ಲಿ ಕುಳಿತು ಪಾಠ ಹೇಳಿಸಿಕೊಂಡೆ.

ಆಟದ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಇದನ್ನು ಕಟ್ಟಿದವನು ರಿಚರ್ಡ್ ಗಾರ್‌ಫೀಲ್ಡ್ ಎಂಬ ಅಮೇರಿಕೆಯ ಗಣಿತಜ್ಞ. 1993ರಲ್ಲಿ ಇದು ಹೊರಗೆ ಬಂತು. ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಎಲೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ, ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಮನೆಯಲ್ಲಿ ಜೋಡಿಸಿಕೊಂಡು ಬರುತ್ತಾನೆ. ಈವರೆಗೆ ಅಚ್ಚಾದ ಸಾವಿರಾರು ಬಗೆಯ ಎಲೆಗಳಿಂದ ತನಗೆ ಬೇಕಾದ ಅರವತ್ತನ್ನು ಆರಿಸಬೇಕು. ಮೂಲ ನೆಲದ ಎಲೆಗಳ ಹೊರತು ಯಾವ ಎಲೆಯನ್ನೂ ಸಾಮಾನ್ಯವಾಗಿ ನಾಲ್ಕಕ್ಕಿಂತ ಹೆಚ್ಚು ಇಡಬಾರದು. ಇಬ್ಬರಿಗೂ ಇಪ್ಪತ್ತು ಪ್ರಾಣ. ಕಲಸಿ, ಏಳು ಎಲೆ ತೆಗೆದು, ಪಾಳಿಯ ಮೇಲೆ ಪಾಳಿ ಆಡುತ್ತ ಎದುರಾಳಿಯ ಇಪ್ಪತ್ತನ್ನು ಸೊನ್ನೆ ಮಾಡಿದವನು ಗೆದ್ದ. ನೆಲದ ಎಲೆಯಿಂದ ಹುಟ್ಟುವ ಶಕ್ತಿಗೆ ಇವರು ‘ಮಾನಾ’ ಎನ್ನುತ್ತಾರೆ. ನಮ್ಮ ಮಾನಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ಆದರೆ ಅದು ಖರ್ಚಾದ ಹೊರತು ಯಾವ ಕೆಲಸವೂ ಆಗುವದಿಲ್ಲವೆಂಬುದು ಎರಡಕ್ಕೂ ಸಮಾನ.

ಹೆಚ್ಚಿನವರು ರಾಕ್ಷಸರನ್ನೂ ಸೈನಿಕರನ್ನೂ ಸಾಲಿಗೆ ನಿಲ್ಲಿಸಿ ಕಾದಾಡುತ್ತಾರಂತೆ. ಅಳಿಯನ ಕಟ್ಟಿನ ರೀತಿ ಬೇರೆ. ಅವನು ಎರಡು-ಮೂರು ಪಾಳಿ ಏನೂ ಮಾಡದವನಂತೆ ಕುಳಿತಿರುತ್ತಾನೆ. ನಂತರ ಒಂದೇ ಪಾಳಿಯಲ್ಲಿ ಎಲೆಯ ಮೇಲೆ ಎಲೆ ಹಾಕಿ ಆಟವನ್ನೇ ಮುಗಿಸಿಬಿಡುತ್ತಾನೆ. ಇದರ ಮರ್ಮ ಹೀಗಿದೆ. ‘ಪೈರೆಟಿಕ್ ರಿಚುವಲ್’ ಎಂಬ ಎಲೆಗೆ ಎರಡು ಮಾನಾ ಕೊಟ್ಟರೆ ಅದು ಮೂರು ಮರಳಿಸುತ್ತದೆ. ‘ರೂಬಿ ಮೆಡಾಲಿಯನ್’ ಎಂಬ ಎಲೆ ಮೊದಲೇ ಕೆಳಗಿದ್ದರೆ ಕೆಂಪು ಎಲೆಗಳೆಲ್ಲ ಒಂದು ಮಾನಾ ಸೋವಿಯಾಗುತ್ತವೆ. ಅಂದರೆ ಒಂದು ಕೊಟ್ಟು ಮೂರು ಪಡೆಯಬಹುದು. ಆ ಮೂರರಿಂದ ಮತ್ತೆರಡು ಎಲೆ, ಅವುಗಳಿಂದ ಮತ್ತಷ್ಟು. ‘ಪಾಸ್ಟ್ ಇನ್ ಫ್ಲೇಮ್ಸ್’ ಎಂಬುದು ಬಂದರೆ ಆಡಿ ಬಿಸುಟ ಎಲೆಗಳನ್ನೇ ಇನ್ನೊಮ್ಮೆ ಆಡಲು ಬರುತ್ತದೆ. ಕೊನೆಗೆ ‘ಗ್ರೇಪ್‌ಶಾಟ್’. ಅದರಿಂದ ಹೋಗುವದು ಒಂದೇ ಪ್ರಾಣ. ಆದರೆ ಆ ಪಾಳಿಯಲ್ಲಿ ಅದಕ್ಕೂ ಮುಂಚೆ ಎಷ್ಟು ಮಂತ್ರ ಹಾಕಿದ್ದೀರೋ ಅಷ್ಟು ಪ್ರತಿಗಳು ಅದಕ್ಕೆ ಹುಟ್ಟುತ್ತವೆ. ಹತ್ತೊಂಬತ್ತು ಮಂತ್ರ ಮುಗಿಸಿ ಇಪ್ಪತ್ತನೆಯದಾಗಿ ಇದನ್ನು ಹಾಕಿದರೆ ಇಪ್ಪತ್ತು ಪ್ರಾಣವೂ ಹೋದವು. 2003ರಲ್ಲಿ ಬಂದ ಈ ಗುಣಕ್ಕೆ ‘ಸ್ಟಾರ್ಮ್’, ಅಂದರೆ ಬಿರುಗಾಳಿ, ಎಂದು ಹೆಸರು. ಇಂಥ ಕಟ್ಟುಗಳ ಓಟಕ್ಕೆ ಆಟ ನಡೆಸುವವರೇ ಅಂಜುತ್ತಾರೆ. ಅಳಿಯ ಆಡುವ ‘ಮಾಡರ್ನ್’ ಪದ್ಧತಿಯಲ್ಲಿ, ನಾಲ್ಕನೆಯ ಪಾಳಿಗಿಂತ ಮುಂಚೆಯೇ ಪದೇ ಪದೇ ಆಟ ಮುಗಿಸುವ ಕಟ್ಟು ಇರಬಾರದೆಂದು 2013ರಲ್ಲಿ ‘ಸೀದಿಂಗ್ ಸಾಂಗ್’ ಎಂಬ ಎಲೆಯನ್ನು ನಿಷೇಧಿಸಿದರು.

ಈ ಅರವತ್ತನ್ನು ತಿದ್ದುವದೇ ಅಳಿಯನ ರಾತ್ರಿಯ ಉದ್ಯೋಗ. ಎದುರಾಳಿಯಿಲ್ಲದೆ ಒಬ್ಬನೇ ಆಡಿ ನೋಡುವದಕ್ಕೆ ಈ ಆಟಗಾರರಲ್ಲಿ ‘ಗೋಲ್ಡ್‌ಫಿಶ್’ ಎಂದು ಹೆಸರಿದೆ. ಎದುರಿಗೆ ಗಾಜಿನ ಬೋಗುಣಿಯಲ್ಲಿ ಬಂಗಾರಬಣ್ಣದ ಮೀನೊಂದು ಇದೆ, ಅದು ಸುಮ್ಮನೆ ನೋಡುತ್ತದೆ, ಏನೂ ಮಾಡುವದಿಲ್ಲ ಎಂದು ತಿಳಿದುಕೊಳ್ಳಬೇಕು. ಇದನ್ನು ಅಕ್ಕನಿಗೆ ವಿವರಿಸಿದೆ. ಮೀನಿನೊಡನೆ ಆಡುವವನಿಗಿಂತ ಯಾರೂ ಇಲ್ಲದೆ ಆಡುವವನೇ ವಾಸಿಯಿದ್ದನೆಂಬಂತೆ ಆಕೆ ನನ್ನ ಮುಖ ನೋಡಿದಳು.

ಎಲೆಗಳು ಅಸಲಿಯಲ್ಲ. ಅಸಲಿ ಎಲೆಗಳ ಬೆಲೆ ಕೇಳಿದರೆ ನೇಕಾರನ ಎದೆ ಝಲ್ಲೆನ್ನಬೇಕು. ಸೀರೆಯ ಘಡಿಯೊಳಗೆ ಇಡುವ ರಟ್ಟನ್ನು ಅಳತೆಗೆ ಕತ್ತರಿಸಿ, ಮೇಲೆ ಪೆನ್ನಿನಿಂದ ಹೆಸರೂ ಗುಣವೂ ಬರೆದು ಅರವತ್ತು ಮಾಡಿಕೊಂಡಿದ್ದ. ಒಂದೊಂದು ಆಟ ಮುಗಿದ ಮೇಲೆ ಎಷ್ಟನೆಯ ಪಾಳಿಯಲ್ಲಿ ಗೆದ್ದೆ, ಕೈಯಲ್ಲಿ ಕೆಲಸಕ್ಕೆ ಬಾರದೆ ಉಳಿದ ಎಲೆ ಯಾವದು ಎಂದು ವಹಿಯಲ್ಲಿ ಬರೆಯುತ್ತಿದ್ದ. ಐವತ್ತು ಆಟಕ್ಕೊಮ್ಮೆ ಕೂಡಿಸಿ, ಮೇಲಿಂದ ಮೇಲೆ ಉಳಿದ ಎಲೆಯನ್ನು ಕಟ್ಟಿನಿಂದ ತೆಗೆದುಹಾಕುತ್ತಿದ್ದ.

ಆ ವಹಿಯ ಮೊದಲ ಪುಟಗಳಲ್ಲಿ ಗಣಿತವಿತ್ತು. ಅದನ್ನು ನಾನೂ ಮನೆಯಲ್ಲಿ ಕಾಗದದ ಮೇಲೆ ಮಾಡಿ ನೋಡಿದೆ. ಅರವತ್ತರಲ್ಲಿ ನಾಲ್ಕಿರುವ ಎಲೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ಸುಮಾರು 40. ಇಷ್ಟು ಸಾಲದೆ? ಸಾಲದು. ಅವನಿಗೆ ಬೇಕಾದುದು ಎರಡು ಬೇರೆ ಎಲೆ: ಬೆಲೆ ಇಳಿಸುವದೊಂದು, ಮಾನಾ ಬೆಳೆಸುವದೊಂದು. ಎರಡೂ ನಾಲ್ಕು ನಾಲ್ಕಿದ್ದರೆ ಎರಡೂ ಮೊದಲ ಕೈಯಲ್ಲಿ ಕೂಡಿ ಬರುವ ಸಂಭವ ನೂರಕ್ಕೆ 15ನ್ನೂ ಮುಟ್ಟುವದಿಲ್ಲ. ನಾಲ್ಕರ ಮಿತಿಯನ್ನಂತೂ ಮೀರುವಂತಿಲ್ಲ. ಆದ್ದರಿಂದ ಅದೇ ಕೆಲಸವನ್ನು ಬೇರೆ ಹೆಸರಿನಿಂದ ಮಾಡುವ ಇನ್ನೊಂದು ಎಲೆಯನ್ನು ಹುಡುಕಬೇಕು. ‘ಪೈರೆಟಿಕ್ ರಿಚುವಲ್’ ನಾಲ್ಕು ಮುಗಿದರೆ ‘ಡೆಸ್ಪರೇಟ್ ರಿಚುವಲ್’ ನಾಲ್ಕು ಇವೆ. ಮೆಡಾಲಿಯನ್ನಿನಂತೆಯೇ ಬೆಲೆ ಇಳಿಸುವ ‘ರಾಲ್’ ಎಂಬ ಮಾಂತ್ರಿಕನೊಬ್ಬನಿದ್ದಾನೆ. ಹೀಗೆ ಎಂಟು ಎಂಟು ಮಾಡಿದರೆ 15ರ ಕೆಳಗಿದ್ದ ಸಂಭವ 40ನ್ನು ದಾಟುತ್ತದೆ. ಮೇಲೆ, ಬಂದ ಕೈ ಸೇರದಿದ್ದರೆ ಏಳನ್ನೂ ಮರಳಿಸಿ ಹೊಸ ಏಳು ತೆಗೆಯಬಹುದು. ದಂಡವಾಗಿ ಅವುಗಳಲ್ಲಿ ಒಂದನ್ನು ಕಟ್ಟಿನ ಅಡಿಗೆ ಸೇರಿಸಬೇಕು. ಈ ಸೌಕರ್ಯ 2019ರಿಂದ ಬಂದುದು.

ಇದನ್ನು ಕೇಳಿದಾಗ ನನಗೆ ನೆರೆಯ ಮುಧೋಳದ ರನ್ನನ ನೆನಪಾಯಿತು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನ ‘ಗದಾಯುದ್ಧ’ವನ್ನು ಬರೆದನಷ್ಟೇ ಅಲ್ಲ, ‘ರನ್ನಕಂದ’ವೆಂಬ ನಿಘಂಟೂ ಅವನ ಹೆಸರಿನಲ್ಲಿದೆ. ಮಹಾಕವಿಗೆ ನಿಘಂಟಿನ ಉಸಾಬರಿ ಏಕೆಂದು ವಿದ್ಯಾರ್ಥಿಗಳು ಕೇಳುವದುಂಟು. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಬೇಕು. ಆನೆ ಎನ್ನಬೇಕಾದ ಕಡೆ ‘ಆನೆ’ಯೊಂದನ್ನೇ ಬಲ್ಲ ಕವಿ ಪದ್ಯದ ನಡುವೆ ಸಿಕ್ಕಿಬೀಳುತ್ತಾನೆ. ಕರಿ, ಗಜ, ದಂತಿ, ಇಭ ಎಲ್ಲವೂ ಕೈಯಲ್ಲಿದ್ದವನಿಗೆ ಪ್ರಾಸ ತಾನಾಗಿ ಒದಗುತ್ತದೆ. ಸಮಾನಾರ್ಥಕ ಪದಗಳು ಭಾಷೆಯ ದುಂದುಗಾರಿಕೆಯಲ್ಲ, ಬೇಕಾದ ಗಳಿಗೆಗೆ ಬೇಕಾದ ಶಬ್ದ ಬರುವ ಸಂಭವವನ್ನು ಹೆಚ್ಚಿಸುವ ಉಪಾಯ ಎಂದು ಹೇಳಲು ನನಗೊಂದು ಲೆಕ್ಕ ಸಿಕ್ಕಿತು. ಜೂನಿನಲ್ಲಿ ಕಾಲೇಜು ಸುರುವಾದ ಮೇಲೆ ಅದನ್ನು ತರಗತಿಯಲ್ಲಿ ಹೇಳಿಯೂ ಬಿಟ್ಟೆ. ಹಿಂದಿನ ಬೆಂಚಿನ ಹುಡುಗರು ಮೊದಲ ಸಲ ಪ್ರಾಸದ ಪಾಠಕ್ಕೆ ತಲೆಯೆತ್ತಿದರು.

ಸೇರಿಸುವದಕ್ಕಿಂತ ತೆಗೆಯುವದು ಕಷ್ಟದ ಕೆಲಸ. ಅಳಿಯನ ಕಟ್ಟಿನಲ್ಲಿ ಘಟಸರ್ಪದ ಚಿತ್ರವಿರಬೇಕಾದ ಎಲೆಯೊಂದಿತ್ತು. ರಟ್ಟಿನ ಮೇಲೂ ಅದರ ಚಿತ್ರವನ್ನು ತಾನೇ ಬಿಡಿಸಿಕೊಂಡಿದ್ದ. ಅದು ಕೆಳಗೆ ಬಂದ ಆಟಗಳೆಲ್ಲ ಬಹಳ ಸೊಗಸಾಗಿ ಮುಗಿಯುತ್ತಿದ್ದವಂತೆ. ಆದರೆ ವಹಿ ಬೇರೆ ಹೇಳುತ್ತಿತ್ತು: ಅದು ಬಂದು ಗೆದ್ದ ಆಟಗಳು ಅದು ಬಾರದಿದ್ದರೂ ಗೆಲ್ಲುವ ಆಟಗಳೇ ಆಗಿದ್ದವು. ಮೂರು ದಿನ ಒದ್ದಾಡಿ ಅದನ್ನು ತೆಗೆದ. "ಅರವತ್ತೊಂದನೇದಾಗಿ ಇಟ್ಟುಕೊಳ್ಳಲಾ?" ಎಂದು ಕೇಳಿದೆ. ನಿಯಮ ಅದನ್ನು ತಡೆಯುವದಿಲ್ಲ. ಅರವತ್ತು ಕನಿಷ್ಠ ಮಾತ್ರ. "ಮಾಮಾ, ಒಂದು ಎಲಿ ಹೆಚ್ಚಾದ್ರ ಉಳಿದ ಎಲ್ಲಾ ಎಲಿ ಒಂದೀಟು ದೂರ ಹೋಗತಾವ" ಎಂದ. ಲೆಕ್ಕದಲ್ಲಿ ಅದು ನೂರಕ್ಕೆ ಅರ್ಧದಷ್ಟು ಅಂತರ. ಆ ಅರ್ಧಕ್ಕಾಗಿ ತನ್ನ ಪ್ರೀತಿಯ ಸರ್ಪವನ್ನು ಹೊರಗಿಟ್ಟ ಹುಡುಗನನ್ನು ಕಂಡು, ಪದವಿಟ್ಟರೆ ಅಳಿಸುವವನಲ್ಲವೆಂದು ಹೆಮ್ಮೆಪಟ್ಟ ಕುಮಾರವ್ಯಾಸನಿಗಿಂತ ಹಸ್ತಪ್ರತಿಯಲ್ಲಿ ಒಳ್ಳೆಯ ಉಪಮೆಯನ್ನು ಹೊಡೆದುಹಾಕುವ ಸಾಮಾನ್ಯ ಲೇಖಕನ ಸಂಕಟವೇ ನನಗೆ ಹೆಚ್ಚು ನೆನಪಾಯಿತು.

ನಾಲ್ಕನೆಯ ಸಂಜೆ ಮಾಮಾನಿಗೆ ವರದಿ ಒಪ್ಪಿಸುವ ಪ್ರಸಂಗ ಬಂತು. ಪಂದ್ಯ ಬೆಂಗಳೂರಿನಲ್ಲಿ, ಒಂದು ಅಂಗಡಿಯ ಮಾಳಿಗೆಯ ಮೇಲೆ, ಭಾನುವಾರ. ಹುಡುಗ ಹೋಗಬೇಕೆನ್ನುತ್ತಾನೆ. ಮಾಮಾ ಕೇಳಿದ ಮೊದಲನೆಯ ಮಾತು, "ರೊಕ್ಕ ಕಟ್ಟಿ ಆಡತಾರೇನು?"

ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕಿತ್ತು. ಪ್ರವೇಶಕ್ಕೆ ಶುಲ್ಕವಿದೆ, ಗೆದ್ದವರಿಗೆ ಎಲೆಗಳ ಪೊಟ್ಟಣಗಳ ಬಹುಮಾನವಿದೆ ಎಂದೆ. ಆ ಪೊಟ್ಟಣಗಳೂ ಒಂದು ಬಗೆಯ ಸೋಡತಿಯೇ. ಒಡೆಯುವವರೆಗೂ ಒಳಗೆ ಯಾವ ಎಲೆಯಿದೆಯೆಂದು ತಿಳಿಯದು, ನೂರು ಪೊಟ್ಟಣ ಒಡೆದು ಕೈಸುಟ್ಟುಕೊಂಡವರೂ ಇರುತ್ತಾರೆ. ಹುಡುಗ ಈವರೆಗೆ ಒಂದನ್ನೂ ಕೊಂಡಿಲ್ಲ ಎಂದೂ ಹೇಳಿದೆ. ಆಮೇಲೆ ನನಗೆ ಗೊತ್ತಾದ ಇನ್ನೊಂದು ಸಂಗತಿಯನ್ನು ತಿಳಿಸಿದೆ. 1993ರಲ್ಲಿ ಈ ಆಟ ಹುಟ್ಟಿದಾಗ ಅದರ ನಿಯಮಗಳಲ್ಲಿ ಪಣವೂ ಇತ್ತು. ಇಬ್ಬರೂ ತಮ್ಮ ತಮ್ಮ ಕಟ್ಟಿನಿಂದ ಕಾಣದೆ ಒಂದು ಎಲೆ ತೆಗೆದು ಬದಿಗಿಡಬೇಕು. ಗೆದ್ದವನು ಎರಡನ್ನೂ ಒಯ್ಯಬೇಕು. ಜನ ಅದನ್ನು ಮೆಚ್ಚಲಿಲ್ಲ. ಕೆಲವೇ ವರ್ಷಗಳಲ್ಲಿ ಆ ನಿಯಮ ಬಿದ್ದುಹೋಯಿತು. ಪಣದ ಬಗ್ಗೆ ಬರೆದ ಎಲೆಗಳಿಗೆ ಇಂದಿಗೂ ಪಂದ್ಯಗಳಲ್ಲಿ ಪ್ರವೇಶವಿಲ್ಲ.

ಮಾಮಾ ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ಬಿಟ್ಟಬಿಟ್ರೇನು?" ಎಂದರು. "ಬಿಟ್ಟುಬಿಟ್ಟರು" ಎಂದೆ. "ಅಂದ್ರ ಸೋತಾವನ ಸಾಮಾನು ಸೋತಾವನ ಮನ್ಯಾಗ ಇರತೈತಿ." "ಹೌದು." ಅವರು ಎದ್ದು ಹೋಗಿ ಪರಸಿಯ ಮೇಲೆ ಮಗನ ಎದುರಿಗೆ ಕುಳಿತರು. ಆ ಮನೆಯಲ್ಲಿ ಅವರು ಎಲೆಗಳ ಹತ್ತಿರ ಕುಳಿತದ್ದನ್ನು ಅಕ್ಕನೂ ಆವರೆಗೆ ನೋಡಿರಲಿಲ್ಲ.

"ತೋರ್ಸು, ಏನ ಮಾಡತಿ" ಎಂದರು. ಹುಡುಗ ಆಡಿ ತೋರಿಸಿದ. ಒಂದರ ಹಿಂದೆ ಒಂದು ಎಲೆ ಬಿದ್ದವು. ಹತ್ತೊಂಬತ್ತಾದ ಮೇಲೆ ಇಪ್ಪತ್ತನೆಯದು ಬಿತ್ತು. ಮಾಮಾನ ಕಣ್ಣು ಎಲೆಯ ಮೇಲಿನ ಅಕ್ಷರದ ಮೇಲಿರಲಿಲ್ಲ, ಅವು ಬೀಳುವ ಕ್ರಮದ ಮೇಲಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ತೂತು ಬಿದ್ದ ರಟ್ಟಿನ ಪಟ್ಟಿಗಳ ಮಾಲೆ ತಿರುಗುವದನ್ನು ನೋಡುತ್ತ ಬೆಳೆದ ಕಣ್ಣು ಅದು. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಜಕಾರ್ಡ್ 1804ರ ಸುಮಾರಿಗೆ ರೂಢಿಗೆ ತಂದ ಈ ಸಾಧನದಲ್ಲಿ ಒಂದೊಂದು ಪಟ್ಟಿ ಒಂದೊಂದು ಹೊಕ್ಕಿನ ಲೆಕ್ಕ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಪಟ್ಟಿಗಳ ಕ್ರಮವೇ ಸೀರೆಯ ಅಂಚು, ಸೆರಗು. ಕ್ರಮ ತಪ್ಪಿದ ರಟ್ಟಿಗೆ ಬೆಲೆಯಿಲ್ಲವೆಂಬುದನ್ನು ರಬಕವಿಯ ನೇಕಾರನಿಗೆ ಯಾರೂ ಕಲಿಸಬೇಕಾಗಿಲ್ಲ.

ಆಟ ಮುಗಿದ ಮೇಲೆ ಮಾಮಾ ಕೇಳಿದರು: "ನಡುವ ಎಳಿ ಹರದ್ರ?"

"ಯಾವ ಎಳಿ ಅಪ್ಪಾ?"

"ಹತ್ತೊಂಬತ್ತು ಹಾಕಬೇಕು ಅಂದ್ಯಲಾ. ಏಳನೇದಕ್ಕ ಎದುರಿನಾವ ತಡದ್ರ?"

ಹುಡುಗನ ಬಳಿ ಉತ್ತರವಿತ್ತು, ಆದರೆ ಅದು ಉತ್ಸಾಹದ್ದಲ್ಲ. ಮಂತ್ರವನ್ನು ತಡೆಯುವ ಎಲೆಗಳು ಇವೆ. ಆಡಿ ಬಿಸುಟ ಎಲೆಗಳ ರಾಶಿಯನ್ನೇ ಆಟದಿಂದ ಹೊರಗೆ ಹಾಕುವ ಎಲೆಗಳೂ ಇವೆ. ಹಾಗಾದರೆ ಸೋಲುತ್ತೇನೆ ಎಂದ. ಮೀನು ಇದಾವದನ್ನೂ ಮಾಡುವದಿಲ್ಲ. ವಹಿಯ ಐವತ್ತು ಆಟಗಳಲ್ಲಿ ಹದಿನೇಳನ್ನು ಮೂರನೆಯ ಪಾಳಿಗೇ ಗೆದ್ದಿದ್ದ. ಆ ಹದಿನೇಳೂ ಯಾರೂ ತಡೆಯದ ಗೆಲುವುಗಳು.

"ಓಟ ಹೆಚ್ಚಿಗಿ ಇಟ್ರ ಅರಿವಿ ಜಾಸ್ತಿ ಬರತೈತಿ ಅಂತ ಹೊಸಾ ಹುಡುಗ್ರು ತಿಳೀತಾರ" ಎಂದರು ಮಾಮಾ. "ಎಳಿ ಹರದು ನಿಂತ ಮಗ್ಗಕ್ಕ ಓಟಿಲ್ಲ. ಒಂದೀಟು ಓಟ ಇಳಸು, ಕಟ್ಟೂದಕ್ಕ ಕೈ ಇಟಗೋ."

ಈ ಆಟದ ಬಲ್ಲವರೂ ಇದನ್ನೇ ಹೇಳುತ್ತಾರೆಂದು ಅಳಿಯ ಆಮೇಲೆ ನನಗೆ ತಿಳಿಸಿದ. ತ್ವರಿತ ಕಟ್ಟುಗಳನ್ನು ತಿದ್ದುವವರ ದೊಡ್ಡ ಚರ್ಚೆಯೇ ಅದು: ಅರ್ಧ ಪಾಳಿಯ ಓಟಕ್ಕಾಗಿ ಎಷ್ಟು ರಕ್ಷಣೆಯನ್ನು ಬಿಡಬೇಕು, ರಕ್ಷಣೆಗಾಗಿ ಎಷ್ಟು ಓಟವನ್ನು ಬಿಡಬೇಕು. ಆ ರಾತ್ರಿ ಅವನು ಓಟದ ಮೂರು ಎಲೆ ತೆಗೆದು, ಬಿಸುಟ ರಾಶಿ ಹೋದರೂ ಬೇರೆ ದಾರಿಯಿಂದ ಗೆಲ್ಲಿಸುವ ಎಲೆಗಳನ್ನು ಸೇರಿಸಿದ. ಪಂದ್ಯದಲ್ಲಿ ಮೂರು ಆಟಗಳಲ್ಲಿ ಎರಡು ಗೆದ್ದವನು ಮುಂದೆ. ಮೊದಲ ಆಟ ಮುಗಿದ ಮೇಲೆ ಅರವತ್ತರ ಹೊರಗೆ ಇಟ್ಟುಕೊಂಡ ಹದಿನೈದು ಎಲೆಗಳಿಂದ ಬದಲಾಯಿಸಿಕೊಳ್ಳಲು ಬರುತ್ತದೆ. ಆ ಹದಿನೈದರಲ್ಲಿ ಎದುರಾಳಿಯ ಬಾಯನ್ನು ಒಂದು ಪಾಳಿಯ ಮಟ್ಟಿಗೆ ಕಟ್ಟುವ ಎಲೆಗಳನ್ನು ಇಟ್ಟ. ಹೊಸ ಐವತ್ತು ಆಟಗಳಲ್ಲಿ ಮೂರನೆಯ ಪಾಳಿಯ ಗೆಲುವು ಹನ್ನೆರಡಕ್ಕೆ ಇಳಿಯಿತು. ಈ ಸಲ ಎದುರಿಗೆ ಮೀನಿರಲಿಲ್ಲ. ಸೂಟಿಯಿದ್ದ ಮೇಷ್ಟರೊಬ್ಬರು ಕುಳಿತು, ಹೇಳಿಕೊಟ್ಟಂತೆ ಏಳನೆಯದಕ್ಕೋ ಒಂಬತ್ತನೆಯದಕ್ಕೋ ‘ತಡೆ’ ಎನ್ನುತ್ತಿದ್ದರು.

ಉಳಿದದ್ದು ಅಸಲಿ ಎಲೆಗಳ ಪ್ರಶ್ನೆ. ಮನೆಯಲ್ಲಿ ರಟ್ಟು ನಡೆಯುತ್ತದೆ, ಅಧಿಕೃತ ಪಂದ್ಯದಲ್ಲಿ ನಡೆಯುವದಿಲ್ಲ. ಒಂದು ತಿಂಗಳ ನೂಲಿನ ರೊಕ್ಕವನ್ನು ಎಲೆಗೆ ಹಾಕುವದು ಮಾಮಾನಿಂದ ಆಗದ ಮಾತು. ಕೇಳುವದು ಹುಡುಗನಿಂದಲೂ ಆಗಲಿಲ್ಲ. ಅವನು ಫೋನಿನಲ್ಲಿ ಯಾರೊಡನೆಯೋ ಮಾತನಾಡಿ ಬಂದು, ಬೆಂಗಳೂರಿನ ಒಬ್ಬ ಆಟಗಾರ ತನ್ನ ಎಲೆಗಳನ್ನು ಆ ದಿನದ ಮಟ್ಟಿಗೆ ಕೊಡುತ್ತಾನೆಂದ. ಮಾಮಾ ನಂಬಲಿಲ್ಲ.

"ನಿನ್ನ ಮಾರಿ ನೋಡ್ಯಾನೇನು ಅಂವ?"

"ಇಲ್ಲ."

"ಬಡ್ಡಿ ಎಷ್ಟು?"

"ಬಡ್ಡಿ ಇಲ್ಲ ಅಪ್ಪಾ. ಇಲ್ಲಿ ಎಲ್ಲಾರೂ ಹಂಗ ಕೊಡತಾರ. ಎದುರಿಗೆ ಆಡಾಕ ಮಂದಿ ಬೇಕಲಾ."

ಎಲೆಯಾಟದಲ್ಲಿ ಮಗ್ಗುಲಿನವನು ಸಾಲ ಕೊಡುವದು ಹೇಗಿರುತ್ತದೆಂಬುದನ್ನು ಮಾಮಾ ಒಂದು ಬಗೆಯಲ್ಲಿ ಬಲ್ಲವರು. ಇದು ಆ ಬಗೆಯದಲ್ಲವೆಂದು ಒಪ್ಪಲು ಅವರಿಗೆ ಒಂದು ರಾತ್ರಿ ಹಿಡಿಯಿತು. ಬೆಳಿಗ್ಗೆ ಎದ್ದು ಬಸ್ಸಿನ ರೊಕ್ಕವನ್ನು ತಾವೇ ಎಣಿಸಿ ಕೊಟ್ಟರು. ಆಣೆಯ ವಿಷಯ ಯಾರೂ ಎತ್ತಲಿಲ್ಲ. ಅಕ್ಕ ಮಾತ್ರ ಅತ್ತೆಯ ಫೋಟೋದ ಮುಂದೆ ಎರಡು ಊದಿನಕಡ್ಡಿ ಹಚ್ಚಿದಳು. ಅದು ಕ್ಷಮೆ ಕೇಳಿದ್ದೋ, ಮೊಮ್ಮಗನಿಗೆ ಜಯ ಕೇಳಿದ್ದೋ ನಾನು ವಿಚಾರಿಸಲಿಲ್ಲ.

ಹುಡುಗ ಶನಿವಾರ ರಾತ್ರಿಯ ಬಸ್ಸಿಗೆ ಹೋಗಿ ಸೋಮವಾರ ಬೆಳಿಗ್ಗೆ ಬಂದ. ನಾಲ್ಕು ಸುತ್ತು ಆಡಿದ್ದ. ಎರಡು ಗೆದ್ದಿದ್ದ, ಎರಡು ಸೋತಿದ್ದ. ಮಾಮಾ ಮಗ್ಗದ ಹತ್ತಿರವೇ ಇದ್ದರು. ನಾಲ್ಕೂ ಮಗ್ಗಗಳ ಸಪ್ಪಳದಲ್ಲಿ ತಂದೆ-ಮಕ್ಕಳು ಕೂಗಿ ಮಾತನಾಡಿದ್ದು ನನಗೂ ಕೇಳಿಸಿತು.

"ಎಷ್ಟ ಸಲ ಎಳಿ ಹರೀತು?"

"ಮೂರು ಸಲ."

"ಕಟ್ಟಾಕ ಬಂತಿಲ್ಲೋ?"

"ಒಂದು ಬಂತು."

ಮಾಮಾ ತಲೆಯಾಡಿಸಿ ಕಂಡಿಕೆ ಬದಲಿಸುವದಕ್ಕೆ ಹೊರಳಿದರು. ಗೆದ್ದ ಪೊಟ್ಟಣ ಏನಾದರೂ ಇದೆಯೇ ಎಂದು ಕೇಳಲಿಲ್ಲ. ಎಲೆ ಕೊಟ್ಟವನಿಗೆ ಎಣಿಸಿ ಮರಳಿಸಿದೆಯಾ ಎಂದು ಮಾತ್ರ ಎರಡು ಸಲ ಕೇಳಿದರು.

ಆ ವಾರದಲ್ಲೇ ಬೆಂಗಳೂರಿಗೆ ಒಂದು ಪಾರ್ಸಲ್ ಹೋಯಿತು. ಎಲೆ ಕೊಟ್ಟ ಹುಡುಗನ ತಾಯಿಗೆಂದು ತಮ್ಮ ಮಗ್ಗದ ಒಂದು ಸೀರೆಯನ್ನು ಮಾಮಾ ಆರಿಸಿ, ಅಕ್ಕನ ಕೈಯಿಂದ ಘಡಿ ಮಾಡಿಸಿದರು. ಕಟ್ಟಲು ಕುಳಿತ ಅಳಿಯ ಒಳಗಿನ ರಟ್ಟಿನ ಮೇಲೆ ಕಣ್ಣಿಟ್ಟದ್ದನ್ನು ಕಂಡು, "ಅದೊಂದು ಇರಲಿ ಬಿಡೋ" ಎಂದರು.